ಮಳೆಗಾಲ ಕಳೆದ ಕಾರನ್ನು ಮನೆಯಂಗಳದಲ್ಲೇ ತೊಳೆದು, ಪಾಲಿಶ್ ಮಾಡಿ, ವ್ಯಾಕ್ಸ್ ಹಚ್ಚುವ ಕ್ರಮ

ಅಕ್ಟೋಬರ್ ಬಂತೆಂದರೆ ತೀರ್ಥಹಳ್ಳಿ, ಹೊಸನಗರದ ಕಡೆಯ ಪರಿಚಿತರಿಂದ ನನಗೆ ಒಂದೇ ದೂರು ಬರುತ್ತದೆ: "ಕಾರು ತೊಳೆದೆ, ವ್ಯಾಕ್ಸನ್ನೂ ಹಚ್ಚಿದೆ. ಆದರೂ ಬಿಸಿಲಿಗೆ ನಿಲ್ಲಿಸಿದರೆ ಬಾನೆಟ್ ತುಂಬ ಜೇಡರ ಬಲೆಯಂತೆ ಗೆರೆ ಕಾಣುತ್ತದೆ." ತಪ್ಪು ವ್ಯಾಕ್ಸಿನದಲ್ಲ. ಆ ಗೆರೆಗಳಲ್ಲಿ ಹೆಚ್ಚಿನವು ರಸ್ತೆಯಲ್ಲಿ ಬಿದ್ದವೂ ಅಲ್ಲ, ತೊಳೆಯುವಾಗ ನಮ್ಮ ಕೈಯಿಂದಲೇ ಬಿದ್ದವು.

ಬಂಪರಿಗೆ ಅಂಟಿ ಒಣಗಿದ ಕೆಮ್ಮಣ್ಣನ್ನು ಚೂರು ಕೆರೆದು ಎರಡು ಬೆರಳುಗಳ ನಡುವೆ ಉಜ್ಜಿ ನೋಡಿ. ಮೊದಲು ರಾಗಿ ಹಿಟ್ಟಿನಂತೆ ನುಣ್ಣಗೆ ಹರಡುತ್ತದೆ, ಆಮೇಲೆ ಕರಕರ ಎನ್ನುತ್ತದೆ. ಆ ಕರಕರವೇ ಮರಳು ಮತ್ತು ಜಂಬಿಟ್ಟಿಗೆ ಕಲ್ಲಿನ ಕಣ. ಕಾರಿನ ಬಣ್ಣದ ಮೇಲಿರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ದಪ್ಪ ಇರುತ್ತದೆ. ನೋಟ್‌ಬುಕ್ಕಿನ ಒಂದು ಹಾಳೆಯ ಅರ್ಧದಷ್ಟು. ಅದರ ಮೇಲೆ ಈ ಕಣಗಳನ್ನು ಒದ್ದೆ ಬಟ್ಟೆಯಿಂದ ಎಳೆದಾಡಿದರೆ ಆಗುವುದು ಮರಳು ಕಾಗದದ ಕೆಲಸ. ಆದ್ದರಿಂದ ಕೆಳಗಿನ ಹಂತಗಳಲ್ಲಿ ಒಂದನ್ನೂ ಹಿಂದುಮುಂದು ಮಾಡಬೇಡಿ. ಕೈ ತಾಕುವ ಮೊದಲೇ ಮಣ್ಣು ಇಳಿದಿರಬೇಕು. ಈ ಕ್ರಮ ಇರುವುದೇ ಅದಕ್ಕಾಗಿ.

## ಮೊದಲು ಹೊಂದಿಸಿಕೊಳ್ಳಬೇಕಾದ ಸಾಮಾನು

ಮೂರು ಬಕೆಟ್ ಬೇಕು: ಒಂದು ಶಾಂಪೂ ನೀರಿಗೆ, ಒಂದು ಬರೀ ನೀರಿಗೆ, ಮೂರನೆಯದು ಚಕ್ರಗಳಿಗೆ ಮಾತ್ರ. ಕಾರಿಗೆಂದೇ ಮಾಡಿದ ಶಾಂಪೂ, ಮೈಕ್ರೋಫೈಬರ್ ಕೈಗವಸು, ಒಣಗಿಸಲು ದಪ್ಪನೆಯ ದೊಡ್ಡ ಮೈಕ್ರೋಫೈಬರ್ ಟವೆಲ್ ಎರಡು, ಪಾಲಿಶ್ ಒರೆಸಲು ಸಣ್ಣ ಬಟ್ಟೆಗಳು ಐದಾರು. ಚಕ್ರಕ್ಕೆ ಮೆದು ಎಳೆಯ ಬ್ರಶ್, ಸಂದುಗಳಿಗೆ ಹಳೆಯ ಹಲ್ಲುಜ್ಜುವ ಬ್ರಶ್ ಮತ್ತು ಬಣ್ಣ ಬಳಿಯುವ ಬ್ರಶ್. ಕ್ಲೇ ಬಾರ್ (ತೊಳೆದರೂ ಹೋಗದೆ ಬಣ್ಣಕ್ಕೆ ಅಂಟಿದ ಕಣಗಳನ್ನು ಎತ್ತುವ ಜೇಡಿಮಣ್ಣಿನಂಥ ಮುದ್ದೆ), ಪಾಲಿಶ್, ವ್ಯಾಕ್ಸ್, ಹಚ್ಚಲು ಸ್ಪಂಜಿನ ಬಿಲ್ಲೆಗಳು, ಅಂಚು ಮುಚ್ಚಲು ಕಾಗದದ ಅಂಟುಪಟ್ಟಿ. ಪೈಪಿನಲ್ಲಿ ನೀರು ಸಾಧಾರಣ ರಭಸದಲ್ಲಿ ಬಂದರೆ ಸಾಕು. ಪ್ರೆಶರ್ ವಾಷರ್ ಇದ್ದರೆ ಅನುಕೂಲ, ಇಲ್ಲದಿದ್ದರೆ ನಷ್ಟವಿಲ್ಲ.

ಬಳಸಬಾರದ್ದರ ಪಟ್ಟಿಯೂ ಅಷ್ಟೇ ಮುಖ್ಯ. ಬಟ್ಟೆ ಒಗೆಯುವ ಪುಡಿ ಮತ್ತು ಪಾತ್ರೆ ತೊಳೆಯುವ ಸೋಪು ಹಳೆಯ ವ್ಯಾಕ್ಸನ್ನು ತೆಗೆದುಹಾಕುತ್ತವೆ. ಬಳಸುತ್ತ ಹೋದರೆ ರಬ್ಬರೂ ಬೇಗ ಒಣಕಲಾಗುತ್ತದೆ. ಹಳೆಯ ಪಂಚೆ, ಬನಿಯನ್, ತೆಂಗಿನ ನಾರು ಯಾವುದೂ ಬೇಡ. ಪಂಚೆ ಮೆದುವಲ್ಲವೇ ಎಂದು ಕೇಳುವವರಿದ್ದಾರೆ. ಮೆದುವೇ ಹೌದು, ಆದರೆ ಮೈಕ್ರೋಫೈಬರಿನಂತೆ ಅದಕ್ಕೆ ಕಣವನ್ನು ಒಳಗೆ ಸೆಳೆದುಕೊಳ್ಳುವ ಕುಚ್ಚು ಇಲ್ಲ. ಕಣ ಮೇಲ್ಮೈಯಲ್ಲೇ ಉಳಿದು ಬಣ್ಣವನ್ನು ಗೀರುತ್ತದೆ. ಬೆಳಿಗ್ಗೆ ಹೊರಡುವ ಮುನ್ನ ಒಣ ಬಟ್ಟೆಯಿಂದ ಧೂಳು ಝಾಡಿಸುವ ಅಭ್ಯಾಸ ಎಲ್ಲಕ್ಕಿಂತ ಕೆಟ್ಟದ್ದು.

## ಹಂತ 1: ಜಾಗ ಮತ್ತು ಹೊತ್ತು

ಬಾನೆಟ್ ಮೇಲೆ ಅಂಗೈ ಇಟ್ಟಾಗ ಬೆಚ್ಚಗಿದ್ದರೆ ಕಾಯಿರಿ. ಬಿಸಿ ಲೋಹದ ಮೇಲೆ ಶಾಂಪೂ ನೀರು ಕ್ಷಣದಲ್ಲಿ ಒಣಗಿ ಕಲೆ ಬಿಡುತ್ತದೆ. ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುನ್ನ, ನೆರಳಿನಲ್ಲಿ ಶುರುಮಾಡುವುದು ಒಳ್ಳೆಯದು. ಆದರೆ ಹಲಸು, ಮಾವಿನ ಮರದಡಿ ಬೇಡ, ಅಡಿಕೆ ಹರವಿದ ಅಂಗಳದ ಪಕ್ಕವೂ ಬೇಡ. ಹೊಳೆಗೆ ಕಾರು ಇಳಿಸುವ ಯೋಚನೆಯನ್ನಂತೂ ಬಿಟ್ಟುಬಿಡಿ. ಎಣ್ಣೆ, ಸೋಪು ಸೇರುವುದು ಕೆಳಗಿನ ಊರಿನವರು ಕುಡಿಯುವ ನೀರಿಗೆ.

ನೀರಿನ ಗುಣ ನೋಡಿಕೊಳ್ಳಿ. ಬಚ್ಚಲಿನ ಬಕೆಟ್ಟಿನಲ್ಲಿ ಕಿತ್ತಳೆ ಬಣ್ಣದ ಗೆರೆ ಕಟ್ಟಿದ್ದರೆ ನಿಮ್ಮ ಬೋರ್ ನೀರಿನಲ್ಲಿ ಕಬ್ಬಿಣವಿದೆ, ಬಿಳಿ ಪೊರೆ ಕಟ್ಟಿದ್ದರೆ ಸುಣ್ಣವಿದೆ. ಅಂಥ ನೀರು ಕಾರಿನ ಮೇಲೆ ತಾನಾಗಿ ಒಣಗಬಾರದು. ಸೂರಿನಿಂದ ಹಿಡಿದಿಟ್ಟ ಮಳೆನೀರಿದ್ದರೆ ಕೊನೆಯ ಜಾಲಾಟಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ; ಹೆಂಚು ತೊಳೆದುಹೋದ ನಂತರದ ಮಳೆಯದ್ದಾಗಿರಲಿ, ಬಟ್ಟೆಯಲ್ಲಿ ಸೋಸಿ ಬಳಸಿ.

## ಹಂತ 2: ಚಕ್ರಗಳು ಮೊದಲು

ಮೈ ತೊಳೆದ ಮೇಲೆ ಚಕ್ರಕ್ಕೆ ಕೈ ಹಾಕಿದರೆ ಆ ಕೊಳೆ ಮತ್ತೆ ಮೈಗೆ ಹಾರುತ್ತದೆ. ಆದ್ದರಿಂದ ಚಕ್ರದಿಂದಲೇ ಆರಂಭ. ಆಗುಂಬೆ ಘಾಟಿಯನ್ನೋ ಹುಲಿಕಲ್ ಘಾಟಿಯನ್ನೋ ಹತ್ತಿ ಇಳಿದು ಆಗಷ್ಟೇ ಬಂದಿದ್ದರೆ ಮುಕ್ಕಾಲು ಗಂಟೆಯಾದರೂ ಬಿಡಿ. ಕಾದ ಬ್ರೇಕ್ ಡಿಸ್ಕಿಗೆ ತಣ್ಣೀರು ಹೊಯ್ದರೆ ಡಿಸ್ಕ್ ಸೊಟ್ಟಗಾಗಬಹುದು. ಆಮೇಲೆ ಬ್ರೇಕ್ ಒತ್ತಿದಾಗಲೆಲ್ಲ ಪೆಡಲ್ ಕಾಲಿನಡಿ ಮಿಡಿಯುತ್ತದೆ.

ಒಂದು ಸಲಕ್ಕೆ ಒಂದೇ ಚಕ್ರ. ಮೊದಲು ಚಕ್ರದ ಗೂಡಿನ ಮೇಲ್ಭಾಗಕ್ಕೆ ಕೆಳಗಿನಿಂದ ನೀರು ಬಿಡಿ. ಗೂಡಿನ ಅಂಚಿನ ಮಡಿಕೆಯಲ್ಲಿ ಕೂತ ಕೆಮ್ಮಣ್ಣು ತಿಂಗಳುಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ, ತುಕ್ಕು ಹುಟ್ಟುವುದು ಅಲ್ಲಿಂದಲೇ. ಕೈಬೆರಳಿನಿಂದ ಮಡಿಕೆಯುದ್ದಕ್ಕೂ ತಡವಿ, ಮಣ್ಣು ಪೂರ್ತಿ ಹೋಗಿದೆಯೇ ನೋಡಿ. ಗ್ಲೌಸ್ ಹಾಕಿಕೊಳ್ಳಿ, ಆ ಅಂಚು ಚೂಪಾಗಿರುತ್ತದೆ. ನಂತರ ಟೈರು, ಆಮೇಲೆ ರಿಮ್ಮಿನ ಹೊರಮೈ, ಕೊನೆಗೆ ಒಳಮೈ.

ಒಳಮೈಯನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ನನ್ನ ಭಾವನ ಕಾರಿನ ಸ್ಟೀರಿಂಗ್ 80 ಕಿಲೋಮೀಟರ್ ವೇಗ ದಾಟಿದೊಡನೆ ನಡುಗುತ್ತಿತ್ತು. ಅಲೈನ್‌ಮೆಂಟ್ ಎರಡು ಸಲ ಮಾಡಿಸಿದ್ದರೂ ನಡುಕ ನಿಂತಿರಲಿಲ್ಲ. ನಮ್ಮ ಅಂಗಳದಲ್ಲಿ ಚಕ್ರ ತೊಳೆಯುವಾಗ ಮುಂದಿನ ಎಡ ರಿಮ್ಮಿನ ಒಳಗೆ ಕೈ ಹಾಕಿದರೆ ಅಂಗೈಯಗಲದ ಕೆಮ್ಮಣ್ಣಿನ ಹೆಂಟೆ, ಒಣಗಿ ಇಟ್ಟಿಗೆಯೇ ಆಗಿತ್ತು. ನೀರು ಹಾಕಿ ನೆನೆಸಿ ಕಿತ್ತೆವು. ಮರುದಿನ ಶಿವಮೊಗ್ಗ ಮುಟ್ಟಿದ ಮೇಲೆ ಫೋನು ಬಂತು: "ಭಾವ, ನಡುಕ ನಿಂತಿತು. ಒಂದು ಹೆಂಟೆ ಮಣ್ಣಿಗೆ ಎರಡು ಸಲ ದುಡ್ಡು ಕೊಟ್ಟೆನಲ್ಲ!" ಚಕ್ರದ ಒಂದು ಬದಿಗೆ ಮಣ್ಣು ಕೂತರೆ ತೂಕದ ಸಮತೋಲ ತಪ್ಪುತ್ತದೆ. ಅದಕ್ಕೂ ಅಲೈನ್‌ಮೆಂಟಿಗೂ ಸಂಬಂಧವಿಲ್ಲ. ಕೆರೆಯುವಾಗ ರಿಮ್ಮಿಗೆ ಅಂಟಿಸಿದ ಸಣ್ಣ ಲೋಹದ ತೂಕಗಳನ್ನು ಮಾತ್ರ ಕೀಳಬೇಡಿ, ಅವು ಸಮತೋಲಕ್ಕೆಂದೇ ಹಾಕಿದವು.

ರಿಮ್ಮಿನ ಕಂದು ಮಸಿ ಬ್ರೇಕಿನ ಪುಡಿ, ಅದರಲ್ಲಿ ಕಬ್ಬಿಣದ ಕಣಗಳಿರುತ್ತವೆ. ಶಾಂಪೂವಿಗೆ ಬಗ್ಗದಿದ್ದರೆ ಕಬ್ಬಿಣ ಕರಗಿಸುವ ದ್ರಾವಣವನ್ನು ತಣ್ಣನೆಯ ರಿಮ್ಮಿಗೆ ಸಿಂಪಡಿಸಿ. ಕಬ್ಬಿಣ ತಾಕಿದಲ್ಲಿ ಅದು ನೇರಳೆ ಬಣ್ಣಕ್ಕೆ ತಿರುಗಿ ಸೋರುತ್ತದೆ. ಒಣಗುವ ಮೊದಲೇ ತೊಳೆಯಿರಿ. ಬಚ್ಚಲು ತೊಳೆಯುವ ಆ್ಯಸಿಡ್ಡನ್ನು ಅಲಾಯ್ ಚಕ್ರಕ್ಕೆ ಹಾಕುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಐದು ನಿಮಿಷ ಫಳಫಳ ಹೊಳೆಯುತ್ತದೆ. ಆಮೇಲೆ ಮೇಲಿನ ಪದರ ಸುಟ್ಟು ಬಿಳಿಚಿಕೊಂಡು ಲೋಹ ಗುಳಿಬೀಳುತ್ತದೆ. ಆಗ ಅದಕ್ಕೆ ಮನೆಮದ್ದಿಲ್ಲ.

## ಹಂತ 3: ನೆನೆಸಿ ಇಳಿಸುವುದು

ಇಡೀ ಕಾರಿಗೆ ಮೇಲಿನಿಂದ ಕೆಳಗೆ ನೀರು ಹಾಯಿಸಿ, ಐದು ನಿಮಿಷ ಬಿಟ್ಟು ಮತ್ತೊಮ್ಮೆ ಹಾಯಿಸಿ. ಮಳೆಗಾಲದ ಮಣ್ಣಿಗೆ ಮೂರು ಸಲವಾದರೂ ಬೇಕು. ಕೆಳಗೆ ಹರಿಯುವ ನೀರು ಕೆಂಪಗಿರುವವರೆಗೆ ಕೈಗವಸು ಮುಟ್ಟಬೇಡಿ, ತಿಳಿಯಾದ ಮೇಲಷ್ಟೇ ಮುಂದಿನ ಹಂತ. ಪ್ರೆಶರ್ ವಾಷರ್ ಇದ್ದರೆ ಮೂತಿಯನ್ನು ಕಾರಿನಿಂದ ಒಂದಡಿಯಾದರೂ ದೂರ ಹಿಡಿಯಿರಿ. ಬಾಗಿಲಿನ ರಬ್ಬರ್, ರೇಡಿಯೇಟರ್, ಚಕ್ರದ ನಡುಭಾಗದ ಬೇರಿಂಗ್, ಬಣ್ಣ ಎದ್ದ ಜಾಗ ಇವಕ್ಕೆ ನೇರವಾಗಿ ಬಿಡಬಾರದು.

ಇದೇ ಹೊತ್ತಿನಲ್ಲಿ ಎರಡು ಕಡೆ ಇಣುಕಿ ನೋಡಿ. ಮುಂದಿನ ಗಾಜಿನ ಕೆಳಗೆ ವೈಪರ್ ಬುಡದ ಜಾಲರಿಯಲ್ಲಿ ಎಲೆ ಕೊಳೆತು ಗೊಬ್ಬರವಾಗಿದ್ದರೆ ಕೈಯಿಂದ ಎತ್ತಿ ತೆಗೆಯಿರಿ, ನೀರಿನಿಂದ ಒಳಕ್ಕೆ ತಳ್ಳಬೇಡಿ. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಬಸಿಯುವ ಸಣ್ಣ ಕಿಂಡಿಗಳಿವೆ, ಅವನ್ನು ಕಡ್ಡಿಯಿಂದ ಬಿಡಿಸಿ. ಬಾಗಿಲು ತೆರೆದಾಗ ಒಳಗೆ ಗುಳುಗುಳು ಸದ್ದು ಬಂದರೆ ಕಿಂಡಿ ಕಟ್ಟಿಕೊಂಡು ನೀರು ನಿಂತಿದೆ ಎಂದೇ ಅರ್ಥ.

## ಹಂತ 4: ಎರಡು ಬಕೆಟ್ಟಿನ ತೊಳೆತ

ಶಾಂಪೂವನ್ನು ಬಾಟಲಿಯ ಮೇಲೆ ಬರೆದ ಪ್ರಮಾಣದಲ್ಲೇ ಬೆರೆಸಿ. ಕೈಗವಸನ್ನು ಶಾಂಪೂ ನೀರಿನಲ್ಲಿ ಅದ್ದಿ ಒಂದು ಭಾಗ ತೊಳೆಯಿರಿ, ಬರೀ ನೀರಿನ ಬಕೆಟ್ಟಿನಲ್ಲಿ ಹಿಂಡಿ ಜಾಲಾಡಿಸಿ, ಆಮೇಲೆ ಮತ್ತೆ ಶಾಂಪೂವಿಗೆ. ಚಾವಣಿ, ಗಾಜುಗಳು, ಬಾನೆಟ್, ಡಿಕ್ಕಿ, ಬಾಗಿಲುಗಳ ಮೇಲರ್ಧ, ಕೆಳಗರ್ಧ, ಕೊನೆಗೆ ಬಂಪರುಗಳು: ಈ ಕ್ರಮ ಮುರಿಯಬಾರದು. ಕೆಳಗರ್ಧದಲ್ಲೇ ಕಲ್ಲುಕಣ ಹೆಚ್ಚು. ಅಲ್ಲಿಗೆ ತಾಕಿಸಿದ ಕೈಗವಸು ಬಾನೆಟ್ಟಿಗೆ ವಾಪಸ್ ಬರಬಾರದು.

ನೇರ ಗೆರೆಯಲ್ಲಿ, ಭಾರ ಹಾಕದೆ ಎಳೆಯಿರಿ, ಸುತ್ತಿಸಿ ಉಜ್ಜಬೇಡಿ. ಕೈಗವಸು ನೆಲಕ್ಕೆ ಬಿದ್ದರೆ ಅಲ್ಲಿಗೆ ಅದರ ಕೆಲಸ ಮುಗಿಯಿತು, ಇನ್ನೊಂದನ್ನು ತೆಗೆದುಕೊಳ್ಳಿ. ಒಮ್ಮೆ ನಾನು ಬಿದ್ದ ಕೈಗವಸನ್ನು ಹಾಗೇ ಝಾಡಿಸಿ ಮುಂದುವರಿಸಿದೆ. ಹಿಂದಿನ ಬಾಗಿಲಿನಲ್ಲಿ ಒಂದು ಗೇಣುದ್ದದ ಗೀರು ಈಗಲೂ ಇದೆ. ಗಾಜಿನ ರಬ್ಬರಿಗೆ ಹಿಡಿದ ಹಸಿರು ಪಾಚಿಯನ್ನು ಶಾಂಪೂ ನೀರಿನಲ್ಲಿ ಅದ್ದಿದ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆಯಿರಿ, ಬ್ರಶ್ ಬಣ್ಣಕ್ಕೆ ತಾಗದಿರಲಿ. ನಂತರ ಚೆನ್ನಾಗಿ ಜಾಲಾಡಿಸಿ.

## ಹಂತ 5: ಮಲೆನಾಡಿನ ಹಠಮಾರಿ ಕಲೆಗಳು

ಒಂದೊಂದು ಕಲೆಗೆ ಒಂದೊಂದು ಉಪಾಯ. ಎಲ್ಲಕ್ಕೂ ಒಂದೇ ದ್ರಾವಣ ಸುರಿದು ತಿಕ್ಕುವುದರಿಂದಲೇ ಅರ್ಧ ಬಣ್ಣ ಹಾಳಾಗುವುದು.

ಬೋರ್ಡೋ ದ್ರಾವಣ. ಅಡಿಕೆಯ ಕೊಳೆ ರೋಗಕ್ಕೆಂದು ತೋಟಕ್ಕೆ ಹೊಡೆಯುವ ಶೇ. 1ರ ಬೋರ್ಡೋದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಇರುತ್ತದೆ. ಮರದ ತುದಿಗೆ ಹೊಡೆದದ್ದು ಗಾಳಿಗೆ ಹಾರಿ ಕಾರಿನ ಮೇಲೆ ತಿಳಿನೀಲಿ ಚುಕ್ಕೆಗಳಾಗಿ ಕೂರುತ್ತದೆ. ಅದಿರುವುದೇ ಎಲೆಗೆ, ಗೊನೆಗೆ ಅಂಟಿ ಮಳೆಗೂ ತೊಳೆದುಹೋಗದಿರಲು. ಕಾರಿಗೂ ಹಾಗೇ ಅಂಟುತ್ತದೆ. ಉಗುರಿನಿಂದ ಕೆರೆಯಬೇಡಿ. ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಬೆರೆಸಿ, ಬಟ್ಟೆಯಲ್ಲಿ ಅದ್ದಿ ಚುಕ್ಕೆಯ ಮೇಲೆ ಎರಡು ಮೂರು ನಿಮಿಷ ಇಡಿ. ಸುಣ್ಣ ಸಡಿಲಗೊಂಡು ಬಟ್ಟೆಗೆ ಬರುತ್ತದೆ. ಬಾರದಿದ್ದರೆ ಮತ್ತೊಮ್ಮೆ ಇಡಿ, ತಿಕ್ಕಬೇಡಿ. ಕೂಡಲೇ ಧಾರಾಳ ನೀರಿನಿಂದ ತೊಳೆಯಿರಿ. ಇನ್ನೊಂದು ಮಳೆಗಾಲಕ್ಕೆ ಸುಲಭದ ದಾರಿಯಿದೆ: ಔಷಧಿ ಹೊಡೆಯುವ ದಿನ ಕಾರನ್ನು ತೋಟದಿಂದ ದೂರ ನಿಲ್ಲಿಸುವುದು.

ಹಲಸಿನ ಮೇಣ, ಮಾವಿನ ಸೊನೆ. ಹಲಸಿನಹಣ್ಣು ಬಿಡಿಸುವ ಮುನ್ನ ಕೈಗೆ ಹಚ್ಚಿಕೊಳ್ಳುವ ಕೊಬ್ಬರಿ ಎಣ್ಣೆಯೇ ಇಲ್ಲಿಯೂ ಮದ್ದು. ಮೇಣದ ಮೇಲೆ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ. ಬಟ್ಟೆಯಿಂದ ಎತ್ತಿ ತೆಗೆದು ಶಾಂಪೂವಿನಿಂದ ಎಣ್ಣೆ ಪೂರ್ತಿ ಹೋಗುವಂತೆ ತೊಳೆಯಿರಿ. ಮಾವಿನ ಸೊನೆ ಹೆಚ್ಚು ತೀಕ್ಷ್ಣ, ಬಿದ್ದ ದಿನವೇ ತೆಗೆಯಬೇಕು.

ಡಾಂಬರು. ಡಾಂಬರು ತೆಗೆಯುವ ದ್ರಾವಣ ಸಿಗುತ್ತದೆ, ಅದನ್ನೇ ಬಳಸಿ. ಸೀಮೆಎಣ್ಣೆಯೂ ಡಾಂಬರನ್ನು ಕರಗಿಸುವುದು ನಿಜ. ಆದರೆ ಅದು ಜಿಡ್ಡು ಬಿಡುತ್ತದೆ, ರಬ್ಬರನ್ನು ಕೆಡಿಸುತ್ತದೆ. ಬೇರೇನೂ ಸಿಗದಿದ್ದರೆ ಬಟ್ಟೆಯ ತುದಿಗೆ ನಾಲ್ಕು ಹನಿ, ಚುಕ್ಕೆಯ ಮೇಲಷ್ಟೇ, ಕೂಡಲೇ ಶಾಂಪೂ.

ಹಕ್ಕಿ ಹಿಕ್ಕೆ. ಒದ್ದೆ ಬಟ್ಟೆ ಹತ್ತು ನಿಮಿಷ ಹೊದಿಸಿ, ಮೇಲಕ್ಕೆತ್ತಿ ತೆಗೆಯಿರಿ. ಬಿಸಿಲಿನಲ್ಲಿ ಎರಡು ದಿನ ಬಿಟ್ಟರೆ ಅದರ ಆಮ್ಲ ಕ್ಲಿಯರ್ ಕೋಟನ್ನೇ ತಿಂದು ಗುರುತು ಬಿಡುತ್ತದೆ.

## ಹಂತ 6: ಕ್ಲೇ ಬಾರ್ ಬೇಕೇ, ಬೇಡವೇ

ತೊಳೆದ ಬಾನೆಟ್ ಮೇಲೆ ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಹಗುರಾಗಿ ಸವರಿ. ನುಣ್ಣಗೆ ಜಾರಿದರೆ ಕ್ಲೇ ಬೇಡ. ರವೆಯ ಮೇಲೆ ಕೈಯಾಡಿಸಿದಂತಾದರೆ ಬೇಕು.

ಕ್ಲೇಯನ್ನು ಚಪ್ಪಟೆ ಬಿಲ್ಲೆ ಮಾಡಿ, ತೆಳುವಾದ ಶಾಂಪೂ ನೀರು ಧಾರಾಳವಾಗಿ ಸಿಂಪಡಿಸಿ, ಒಂದೊಂದು ಅಡಿ ಜಾಗದಲ್ಲಿ ಹಿಂದೆ ಮುಂದೆ ಜಾರಿಸಿ. ಒತ್ತಬೇಡಿ. ಕೊಳೆ ಕಂಡಾಗಲೆಲ್ಲ ಮಡಚಿ ಹೊಸ ಮೈ ಹೊರಗೆ ತನ್ನಿ. ಕ್ಲೇ ಅಂಟುತ್ತಿದೆ, ಕಿರುಗುಟ್ಟುತ್ತಿದೆ ಎಂದರೆ ನೀರು ಸಾಲದು. ನೆಲಕ್ಕೆ ಬಿದ್ದ ಕ್ಲೇಯನ್ನು ಎಸೆದುಬಿಡಿ, ಎಷ್ಟೇ ದುಬಾರಿಯಾದರೂ. ಮುಗಿದ ಮೇಲೆ ಇನ್ನೊಮ್ಮೆ ಜಾಲಾಡಿಸಿ.

## ಹಂತ 7: ಒಣಗಿಸುವುದು

ಪೈಪಿನ ಮೂತಿ ತೆಗೆದು ಮಂದವಾಗಿ ನೀರು ಹರಿಸಿದರೆ ಹೆಚ್ಚಿನದು ತಾನೇ ಜಾರಿ ಹೋಗುತ್ತದೆ. ಉಳಿದದ್ದರ ಮೇಲೆ ಟವೆಲ್ ಹಾಸಿ, ಎರಡು ತುದಿ ಹಿಡಿದು ಮೆಲ್ಲನೆ ಎಳೆಯಿರಿ. ಕನ್ನಡಿ, ಬಾಗಿಲ ಹಿಡಿ, ನಂಬರ್ ಪ್ಲೇಟಿನ ಹಿಂದೆ ಅಡಗಿದ ನೀರು ಆಮೇಲೆ ಸೋರಿ ಗೆರೆ ಬಿಡುವುದರಿಂದ ಬಾಗಿಲು, ಡಿಕ್ಕಿ ಎಲ್ಲ ತೆರೆದು ಅಂಚು ಒರೆಸಿ.

ನಂತರ ಕಾರನ್ನು ನಾಲ್ಕು ಹೆಜ್ಜೆ ಓಡಿಸಿ, ಮೆಲ್ಲಗೆ ಐದಾರು ಸಲ ಬ್ರೇಕ್ ಒತ್ತಿ. ಡಿಸ್ಕ್ ಒಣಗುತ್ತದೆ. ಮರುದಿನ ಡಿಸ್ಕಿನ ಮೇಲೆ ಕಿತ್ತಳೆ ಪೊರೆ ಕಂಡರೆ ಗಾಬರಿ ಬೇಡ, ಅದು ಮೇಲ್ಮೈ ತುಕ್ಕು, ಎರಡು ಬ್ರೇಕಿಗೆ ಹೋಗುತ್ತದೆ. ತೊಳೆದ ಕಾರನ್ನು ಹಲವು ದಿನ ನಿಲ್ಲಿಸುವುದಿದ್ದರೆ ಸಮತಟ್ಟಿನಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಹ್ಯಾಂಡ್ ಬ್ರೇಕ್ ಎಳೆದಿಟ್ಟರೆ ನಮ್ಮ ತೇವದ ಹವೆಗೆ ಹಿಡಿದುಕೊಂಡುಬಿಡುತ್ತದೆ.

## ಹಂತ 8: ಪಾಲಿಶ್

ಪಾಲಿಶ್ ಎಂದರೆ ಹೊಳಪು ಹಚ್ಚುವುದಲ್ಲ, ಕ್ಲಿಯರ್ ಕೋಟನ್ನು ಕೂದಲೆಳೆಗಿಂತ ತೆಳ್ಳಗೆ ಸವೆಸಿ ಗೀರಿನ ಅಂಚುಗಳನ್ನು ಸಮ ಮಾಡುವುದು. ಹಾಗಾಗಿ ವರ್ಷಕ್ಕೊಂದು ಸಲ ಸಾಕು, ಗೀರಿಲ್ಲದಿದ್ದರೆ ಅದೂ ಬೇಡ. ವ್ಯಾಕ್ಸ್ ಬೇರೆ, ಅದು ಮೇಲೆ ಕೂರುವ ಹೊದಿಕೆ. ಈ ಎರಡನ್ನೂ ಒಂದೇ ಎಂದು ತಿಳಿದು ತಿಂಗಳಿಗೊಮ್ಮೆ ಪಾಲಿಶ್ ತಿಕ್ಕುವವರ ಕಾರು ಕೆಲವೇ ವರ್ಷಗಳಲ್ಲಿ ಮಂಕಾಗುತ್ತದೆ.

ಗೀರಿನ ಮೇಲೆ ಅಡ್ಡವಾಗಿ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಅದು ಪಾಲಿಶ್‌ಗೆ ಹೋಗುವ ಗೀರಲ್ಲ, ಅಲ್ಲಿ ಹೋರಾಡಬೇಡಿ. ಮ್ಯಾಟ್ ಬಣ್ಣದ ಕಾರಿಗೆ ಪಾಲಿಶ್, ವ್ಯಾಕ್ಸ್ ಎರಡೂ ಸಲ್ಲ. ಚಾವಣಿಯಲ್ಲಿ ಬಿಳಿ ಪೊರೆ ಸುಲಿಯುತ್ತಿದ್ದರೆ ಕ್ಲಿಯರ್ ಕೋಟ್ ಸತ್ತಿದೆ, ಆ ಜಾಗ ಪೇಂಟರಿನ ಪಾಲಿನದು.

ಕಪ್ಪು ಪ್ಲಾಸ್ಟಿಕ್, ರಬ್ಬರ್ ಮತ್ತು ಬಾನೆಟ್ಟಿನ ಚೂಪು ಅಂಚುಗಳಿಗೆ ಅಂಟುಪಟ್ಟಿ ಹಾಕಿ. ಅಂಚಿನಲ್ಲಿ ಬಣ್ಣ ತೆಳು. ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಗೇಣು ಜಾಗ ಪರೀಕ್ಷಿಸಿ. ಸ್ಪಂಜಿನ ಬಿಲ್ಲೆಗೆ ಬಟಾಣಿ ಗಾತ್ರದ ನಾಲ್ಕು ಬೊಟ್ಟು ಪಾಲಿಶ್ ಇಟ್ಟು, ಒಂದೂವರೆ ಅಡಿ ಚೌಕದಲ್ಲಿ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಒಂದರ ಮೇಲೊಂದು ಅರ್ಧ ಬೀಳುವಂತೆ ಎರಡು ಮೂರು ನಿಮಿಷ ಉಜ್ಜಿ. ಒಣಗುವ ಮೊದಲೇ ಒರೆಸಿ, ಮೊಬೈಲಿನ ಟಾರ್ಚ್ ಹಿಡಿದು ನೋಡಿ. ಯಂತ್ರ ಬಳಸುವುದಾದರೆ ತಿರುಗುತ್ತಲೇ ಕಂಪಿಸುವ ಡ್ಯುಯಲ್ ಆ್ಯಕ್ಷನ್ ಬಗೆಯದನ್ನೇ ಆರಿಸಿ. ಬರೀ ಗಿರಕಿ ಹೊಡೆಯುವ ಯಂತ್ರ ಕೈ ಪಳಗದವರ ಕೈಯಲ್ಲಿ ನಿಮಿಷಾರ್ಧದಲ್ಲಿ ಬಣ್ಣ ಸುಡುತ್ತದೆ.

ಎಚ್ಚರಿಕೆಯ ಎರಡು ಸೂಚನೆಗಳಿವೆ. ಉಜ್ಜಿದ ಜಾಗ ಕೈಗೆ ಬಿಸಿಯೆನಿಸಿದರೆ ನಿಲ್ಲಿಸಿ. ಬಟ್ಟೆಗೆ ಕಾರಿನ ಬಣ್ಣವೇ ಬಂದರೂ ನಿಲ್ಲಿಸಿ. ಕ್ಲಿಯರ್ ಕೋಟ್ ಇಲ್ಲದ ಹಳೆಯ ಕಾರುಗಳಲ್ಲಿ ಬಣ್ಣ ಬರುವುದು ಸಹಜ, ಈಗಿನವುಗಳಲ್ಲಿ ಬಂತೆಂದರೆ ಕೆಳಗಿನ ಪದರ ಮುಟ್ಟಿದ್ದೀರಿ.

## ಹಂತ 9: ವ್ಯಾಕ್ಸ್ ಅಥವಾ ಸೀಲಂಟ್

ಕಾರ್ನೌಬಾ, ಅಂದರೆ ಒಂದು ಜಾತಿಯ ತಾಳೆ ಎಲೆಯ ಮೇಣದ ವ್ಯಾಕ್ಸ್, ಹೊಳಪು ಚೆನ್ನ, ಆದರೆ ಕೆಲವು ವಾರದಿಂದ ಎರಡು ಮೂರು ತಿಂಗಳಷ್ಟೇ ಬಾಳುತ್ತದೆ. ಸಿಂಥೆಟಿಕ್ ಸೀಲಂಟ್, ಅಂದರೆ ವ್ಯಾಕ್ಸಿನಂತೆಯೇ ಮೇಲೆ ಕೂರುವ ಕೃತಕ ಹೊದಿಕೆ, ಅದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ. ನಮ್ಮ ಮಳೆಗೆ ಮೇ ತಿಂಗಳಲ್ಲಿ ಸೀಲಂಟ್, ಮಳೆ ಕಳೆದ ಮೇಲೆ ಇಷ್ಟವಿದ್ದರೆ ವ್ಯಾಕ್ಸ್, ಇದು ನನ್ನ ಲೆಕ್ಕ.

ಎಷ್ಟು ತೆಳುವಾಗಿ ಹಚ್ಚುತ್ತೀರೋ ಅಷ್ಟು ಒಳ್ಳೆಯದು. ದೋಸೆಗೆ ಎಣ್ಣೆ ಸವರುವಂತೆ, ಇದೆಯೋ ಇಲ್ಲವೋ ಎನ್ನುವಷ್ಟು. ದಪ್ಪಗೆ ಮೆತ್ತಿದರೆ ಹೆಚ್ಚು ರಕ್ಷಣೆ ಸಿಗುವುದಿಲ್ಲ, ಒರೆಸಲು ಭುಜ ಬೀಳುತ್ತದೆ ಅಷ್ಟೇ. ಬೆರಳಿನಿಂದ ಒಂದು ಗೆರೆ ಎಳೆದಾಗ ಅದು ಹರಡದೆ ಸ್ವಚ್ಛವಾಗಿ ಮೂಡಿದರೆ ಒರೆಸುವ ಹೊತ್ತು. ಬಾಟಲಿಯ ಮೇಲೆ ಹತ್ತು ನಿಮಿಷ ಎಂದಿದ್ದರೂ ತೇವದ ದಿನ ಇಲ್ಲಿ ಅರ್ಧ ಗಂಟೆ ಹಿಡಿಯುತ್ತದೆ, ಗಡಿಯಾರ ನೋಡಬೇಡಿ, ಬೆರಳು ನಂಬಿ. ಹೊಸದಾಗಿ ಬಣ್ಣ ಹೊಡೆಸಿದ ಭಾಗಕ್ಕೆ ಪೇಂಟರನ್ನು ಕೇಳಿಯೇ ಹಚ್ಚಿ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಕಾಯಬೇಕಾಗುತ್ತದೆ.

ರಿಮ್ಮಿಗೂ ಇದೇ ಸೀಲಂಟ್ ಸಲ್ಲುತ್ತದೆ, ಮುಂದಿನ ಸಲ ಬ್ರೇಕಿನ ಪುಡಿ ನೀರಿಗೇ ಬಿಡುತ್ತದೆ. ಟೈರಿನ ಹೊಳಪು ದ್ರಾವಣ ಟೈರಿನ ಪಕ್ಕದ ಮೈಗೆ ಮಾತ್ರ. ನೆಲ ತಾಕುವ ಮೈಗೆ ಹಚ್ಚಿದರೆ ಘಾಟಿಯ ತಿರುವಿನಲ್ಲಿ ಜಾರುತ್ತದೆ, ಡಿಸ್ಕಿಗೆ ತಾಕಿದರೆ ಬ್ರೇಕ್ ಹಿಡಿಯುವುದಿಲ್ಲ.

## ಮುಂದಿನ ತೊಳೆತದವರೆಗೆ

ನೀರು ಹಾಕಿದಾಗ ಕೆಸುವಿನ ಎಲೆಯ ಮೇಲಿನಂತೆ ಹನಿ ಉರುಳಿದರೆ ವ್ಯಾಕ್ಸ್ ಇದೆ. ಹಾಳೆಯಂತೆ ಹರಡಿ ನಿಂತರೆ ಹೋಗಿದೆ. ಒದ್ದೆ ಕಾರಿಗೆ, ಧೂಳು ಕೂತ ಕಾರಿಗೆ ಕವರ್ ಹಾಕಬೇಡಿ. ಒಂದರಲ್ಲಿ ತೇವ ಸಿಕ್ಕಿಕೊಳ್ಳುತ್ತದೆ, ಇನ್ನೊಂದರಲ್ಲಿ ಗಾಳಿಗೆ ಕವರೇ ಬಣ್ಣ ಉಜ್ಜುತ್ತದೆ. ಮೈಕ್ರೋಫೈಬರ್ ಬಟ್ಟೆಗಳನ್ನು ಮನೆಯ ಬಟ್ಟೆಯೊಂದಿಗೆ ಸೇರಿಸದೆ ಬೇರೆಯೇ ಒಗೆದು ನೆರಳಿನಲ್ಲಿ ಒಣಗಿಸಿ. ಚಕ್ರಕ್ಕೆ ಬಳಸಿದ್ದಕ್ಕೆ ಮೂಲೆಯಲ್ಲೊಂದು ಗಂಟು ಹಾಕಿಟ್ಟರೆ ಬೆರೆಯುವುದಿಲ್ಲ.

ಆಯುಧಪೂಜೆಯ ದಿನ ಮಾತ್ರ ಮನೆಯವರ ಹತ್ತಿರ ವಾದಕ್ಕಿಳಿಯಬೇಡಿ. ಅರಿಶಿನ ಕುಂಕುಮವನ್ನು ಬಾನೆಟ್ಟಿನ ಬದಲು ಮುಂದಿನ ಗಾಜಿನ ಮೂಲೆಗೆ ಇಡುವಂತೆ ಮೊದಲೇ ಹೇಳಿಡಿ; ಬಿಳಿ ಕಾರಿನಲ್ಲಿ ಕುಂಕುಮದ ಬಣ್ಣ ಇಳಿದು ಗುಲಾಬಿ ಕಲೆ ಉಳಿಯುವುದುಂಟು. ಹೂವಿನ ಹಾರವನ್ನು ತಂತಿಯಿಂದ ಕಟ್ಟದೆ ಬಾಳೆ ನಾರಿನಿಂದ ಕಟ್ಟಿ, ಮರುದಿನ ಬೆಳಿಗ್ಗೆ ಒಣ ಹೂವನ್ನು ಎಳೆದು ತೆಗೆಯುವ ಮುನ್ನ ಒಂದು ಚೊಂಬು ನೀರು ಹಾಕಿ.